ಹಿತ್ತಲ ಮನೆಗೂ ಒಂದು ಪರವಾನಿಗೆ



ನಮ್ಮ ಕಡೆಯ ಹಳೆಯ ಮನೆಗಳಿಗೆ ಮುಂದೆ ಕಟ್ಟೆ, ಹಿಂದೆ ಹಿತ್ತಲು. ಹಿತ್ತಲೆಂದರೆ ಬಚ್ಚಲು, ಬಟ್ಟೆ ಒಗೆಯುವ ಬಂಡೆ, ಒಂದು ಬೇವಿನ ಮರ, ಕಟ್ಟಿಗೆ ಒಟ್ಟಲು ಒಂದಿಷ್ಟು ಜಾಗ. ಗ್ಯಾಸ್ ಬಂದು ಕಟ್ಟಿಗೆ ಹೋಯಿತು, ನಲ್ಲಿ ಬಂದು ತೊಟ್ಟಿ ಹೋಯಿತು, ಜಾಗ ಉಳಿಯಿತು. ಈಗ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಾಗಲಿ, ಕೌಲ್ ಬಜಾರಿನಲ್ಲಾಗಲಿ, ಸಿರುಗುಪ್ಪದ ಓಣಿಗಳಲ್ಲಾಗಲಿ, ಕುರುಗೋಡಿನಲ್ಲಾಗಲಿ, ಆ ಜಾಗದಲ್ಲಿ ಎರಡನೆಯ ಮನೆ ಏಳುತ್ತಿದೆ. ಮಗನ ಮದುವೆಯಾಯಿತು, ಒಂದು ಕೋಣೆ ಬೇಕು. ಮಗಳು ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು, ಅವಳಿಗೊಂದು ಬೇರೆ ಬಾಗಿಲು ಬೇಕು. ವಯಸ್ಸಾದ ತಾಯಿಗೆ ಮಹಡಿ ಮೆಟ್ಟಿಲು ಹತ್ತಲಾಗದು, ನೆಲಮಟ್ಟದಲ್ಲಿ ಒಂದು ರೂಮು ಬೇಕು. ವೈದ್ಯಕೀಯ ಕಾಲೇಜಿನಲ್ಲಿ ಓದುವ ಹುಡುಗರಿಗೆ, ತೋರಣಗಲ್ಲಿನ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುವವರಿಗೆ ಬಾಡಿಗೆಗೆ ಕೊಟ್ಟರೆ ತಿಂಗಳ ಖರ್ಚಿಗೊಂದು ದಾರಿಯಾಗುತ್ತದೆ. ಬಳ್ಳಾರಿಯಲ್ಲಂತೂ ಹಿತ್ತಲ ಕೋಣೆಯಲ್ಲಿ ಜೀನ್ಸ್ ಹೊಲಿಗೆ ಮಷಿನ್ ಇಟ್ಟುಕೊಂಡು ಮನೆ ನಡೆಸುವವರು ಬಹಳ ಮಂದಿ ಇದ್ದಾರೆ.

ಈ ಎರಡನೆಯ ಮನೆಗೆ ಜನ ಔಟ್‌ಹೌಸ್ ಅನ್ನುತ್ತಾರೆ, ಹಿಂದಿನ ಮನೆ ಅನ್ನುತ್ತಾರೆ, ಹೆಚ್ಚಿನವರು ‘ಹಿಂದೊಂದು ರೂಮು ಹಾಕಿದ್ದೇವೆ’ ಎಂದಷ್ಟೇ ಹೇಳುತ್ತಾರೆ. ಹೆಸರು ಯಾವುದಾದರೂ ಇರಲಿ, ಅದಕ್ಕೆ ಪರವಾನಿಗೆ ಬೇಕೇ ಬೇಕು. ಆ ಪರವಾನಿಗೆ ಪಡೆಯುವುದು ಯಾಕೆ ಮುಖ್ಯ, ಯಾಕೆ ಕಷ್ಟ, ಎಲ್ಲಿ ಸುಲಭವಾಗಬಹುದು ಎಂಬುದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಿತ್ತಲ ಮನೆಯನ್ನು ನಾವು ಕಟ್ಟುವುದು ಸಾಮಾನ್ಯವಾಗಿ ಮನೆಯಲ್ಲಿ ಕೈ ಸೋತವರಿಗಾಗಿ. ತಾಯಿ, ವಿಧವೆ ಮಗಳು, ಈಗಷ್ಟೇ ಸಂಸಾರ ಹೂಡಿದ ಮಗ, ಇಲ್ಲವೇ ಪರವೂರಿನಿಂದ ಬಂದ ಬಾಡಿಗೆದಾರ. ಕಾಗದವಿಲ್ಲದೆ ಕಟ್ಟಿದ ಗೋಡೆಗೆ ನೋಟಿಸು ಬಂದ ದಿನ ಬೀದಿಗೆ ಬರುವವರು ಇವರೇ. ಆದ್ದರಿಂದ ಈ ಪರವಾನಿಗೆಯನ್ನು ನಾನು ಅವರ ತಲೆಯ ಮೇಲಿನ ಸೂರೆಂದೇ ಎಣಿಸುತ್ತೇನೆ.

ಜನ ಮೊದಲು ಕೇಳುವ ಪ್ರಶ್ನೆ ಒಂದೇ: ‘ತಗಡಿನ ಶೆಡ್ಡು ಹಾಕಿಕೊಳ್ಳೋಕೂ ಪರ್ಮಿಷನ್ ಬೇಕೇನ್ರಿ?’ ಬೇಕು. ಸಿರುಗುಪ್ಪ ನಗರಸಭೆಗೂ ಕುರುಗೋಡು ಪುರಸಭೆಗೂ ಅನ್ವಯಿಸುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಅದರಲ್ಲಿ ಕಟ್ಟಡ ಎಂದರೆ ಏನೆಂಬ ವಿವರಣೆಯಲ್ಲಿ ಮನೆಯ ಜೊತೆಗೆ ಔಟ್‌ಹೌಸು, ಶೆಡ್ಡು, ಗುಡಿಸಲು ಕೂಡ ಸೇರಿವೆ. ಇಟ್ಟಿಗೆಯದೋ, ಮಣ್ಣಿನದೋ, ಕಟ್ಟಿಗೆಯದೋ, ಲೋಹದ್ದೋ ಎಂಬ ಭೇದವನ್ನೂ ಅದು ಮಾಡಿಲ್ಲ. ಹೊಸ ಕಟ್ಟಡ ಕಟ್ಟುವವರು ಮೊದಲು ತಿಳಿಸಿ ಅನುಮತಿ ಪಡೆಯಬೇಕೆಂದು ಅದೇ ಕಾಯ್ದೆಯ 187ನೇ ಪ್ರಕರಣ ಹೇಳುತ್ತದೆ. ಬಳ್ಳಾರಿ ಈಗ ಮಹಾನಗರ ಪಾಲಿಕೆ. ಅಲ್ಲಿ ನಡೆಯುವುದು 1976ರ ಮುನಿಸಿಪಲ್ ಕಾರ್ಪೊರೇಷನ್‌ಗಳ ಕಾಯ್ದೆ. ಅರ್ಜಿಯ ಮಾತು 299ನೇ ಪ್ರಕರಣದಲ್ಲಿದೆ, ಅನುಮತಿಯಿಲ್ಲದೆ ಕಟ್ಟಿದ್ದನ್ನು ಕೆಡವಿಸುವ ಅಧಿಕಾರ 321ನೇ ಪ್ರಕರಣದಲ್ಲಿದೆ. ಊರಿನ ಅಂಚಿನಲ್ಲಿ, ಗ್ರಾಮ ಪಂಚಾಯಿತಿಯ ಹದ್ದಿನಲ್ಲಿ ಮನೆ ಇದ್ದರೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ ಪಂಚಾಯಿತಿಯ ಅನುಮತಿ ಬೇಕು.

ಇದು ನಿನ್ನೆ ಮೊನ್ನೆ ಬಂದ ನಿಯಮವೂ ಅಲ್ಲ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸು ಆಡಳಿತದಲ್ಲಿತ್ತು. ಆಗಲೂ 1920ರ ಮದ್ರಾಸು ಜಿಲ್ಲಾ ಪುರಸಭೆಗಳ ಕಾಯ್ದೆಯಿತ್ತು, ಪಟ್ಟಣದಲ್ಲಿ ಮನೆ ಕಟ್ಟಲು ಕೇಳಿಯೇ ಕಟ್ಟಬೇಕಿತ್ತು. ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ 1964ರ ಕಾಯ್ದೆ ಬರುವ ತನಕ ಹಳೆಯದೇ ನಡೆಯಿತು. ಅಂದರೆ ನಮ್ಮ ಅಜ್ಜಂದಿರ ಕಾಲದಿಂದಲೂ ಕಾನೂನು ಇದೆ. ಹಿತ್ತಲಿಗೆ ಅದು ಅನ್ವಯಿಸುವುದಿಲ್ಲ ಎಂಬ ನಂಬಿಕೆಯೂ ಅಷ್ಟೇ ಹಳೆಯದು.

ಇನ್ನು ತೊಡಕಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಟ್ಟಡ ನಿಯಮಗಳಲ್ಲಿ ‘ಹಿತ್ತಲ ಮನೆ’ ಎಂಬ ಬೇರೆ ಬಾಬತ್ತಿಲ್ಲ. ಹಿಂದೆ ಕಟ್ಟುವ ಎರಡನೆಯ ಮನೆಯನ್ನೂ ಮುಂದಿನ ಮನೆಯನ್ನೂ ಒಂದೇ ಸೈಟಿನ ಲೆಕ್ಕಕ್ಕೆ ಹಿಡಿಯುತ್ತಾರೆ. ಸೈಟಿನ ಇಂತಿಷ್ಟು ಭಾಗದ ಮೇಲೆ ಮಾತ್ರ ಕಟ್ಟಬಹುದು, ಒಟ್ಟು ಮಹಡಿಗಳ ವಿಸ್ತೀರ್ಣ ಇಂತಿಷ್ಟನ್ನು ಮೀರಬಾರದು, ಮುಂದೆ ಹಿಂದೆ ಎಡ ಬಲ ಇಂತಿಷ್ಟು ಜಾಗ ಬಿಡಬೇಕು. ಈ ಮೂರು ಲೆಕ್ಕಗಳು ಸೈಟಿನ ಅಳತೆಯ ಮೇಲೂ ಮುಂದಿನ ರಸ್ತೆಯ ಅಗಲದ ಮೇಲೂ ನಿಂತಿವೆ. ಹಿತ್ತಲಿನ ದೊಡ್ಡ ಪಾಲು ಕಾನೂನಿನ ಕಣ್ಣಿಗೆ ‘ಹಿಂದೆ ಬಿಡಬೇಕಾದ ಜಾಗ’. ನಾವು ಖಾಲಿ ಅಂದುಕೊಂಡದ್ದು ಅದರ ಲೆಕ್ಕದಲ್ಲಿ ಗಾಳಿಗೆ, ಬೆಳಕಿಗೆ, ಬೆಂಕಿ ಬಿದ್ದರೆ ಓಡಾಡುವುದಕ್ಕೆ ಎತ್ತಿಟ್ಟ ಜಾಗ. ನಲವತ್ತು ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಯಲ್ಲಿ ಆ ಗಾಳಿಯ ಬೆಲೆ ಏನೆಂದು ಇಲ್ಲಿಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಎಲ್ಲ ಹಿತ್ತಲಲ್ಲೂ ಮನೆ ಏಳುವುದಕ್ಕೆ ಬರುವುದಿಲ್ಲ. 20 ಅಡಿ ಅಗಲ 30 ಅಡಿ ಉದ್ದದ ಸೈಟಿನಲ್ಲಿ ಮುಂದಿನ ಮನೆಯೇ ಜಾಗವನ್ನೆಲ್ಲ ಹಿಡಿದಿದ್ದರೆ, ಹಿಂದೆ ಉಳಿದ ನಾಲ್ಕಡಿಯನ್ನು ನಾಲ್ಕಡಿಯಾಗಿಯೇ ಬಿಡುವುದು ಲೇಸು.

ಆದರೆ ಹಳೆಯ ಪೇಟೆಯ ಉದ್ದನೆಯ ಜಾಗಗಳ ಮಾತು ಬೇರೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. 30 ಅಡಿ ಅಗಲ, 60 ಅಡಿ ಉದ್ದದ ಜಾಗ. ಮುಂದೆ ಅಪ್ಪ ಕಟ್ಟಿಸಿದ ಹಳೆಯ ಮನೆ. ಹಿಂದೆ ಸುಮಾರು 25 ಅಡಿ ಬಯಲು. ಹಿಂದಿನ ಗೋಡೆಯಿಂದ, ಎರಡೂ ಪಕ್ಕದ ಬೇಲಿಯಿಂದ ಬಿಡಬೇಕಾದ್ದನ್ನು ಬಿಟ್ಟು, ಎರಡು ಮನೆಗಳ ನಡುವೆ ಅಂಗಳದಷ್ಟು ತೆರಪು ಉಳಿಸಿ ನೋಡಿ. ನಡುವೆ ಒಂದು ಚೊಕ್ಕ ಮನೆಗೆ ಜಾಗ ಸಿಗುತ್ತದೆ. ಎಷ್ಟು ಚಿಕ್ಕದು ಸಾಕು? 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಒಂದು ಅಳತೆ ಕೊಟ್ಟಿದೆ. ಒಂದೇ ವಾಸದ ಕೋಣೆಯಿದ್ದರೆ ಅದು 9.5 ಚದರ ಮೀಟರಿಗಿಂತ ಕಡಿಮೆ ಇರಬಾರದು, ಅಗಲ 2.4 ಮೀಟರ್ ಆದರೂ ಇರಬೇಕು. ಚಾವಣಿಯ ಎತ್ತರ 2.75 ಮೀಟರ್, ನಮ್ಮ ಲೆಕ್ಕದಲ್ಲಿ ಒಂಬತ್ತಡಿ. ಅಡುಗೆಮನೆಗೆ 5 ಚದರ ಮೀಟರ್, ಅಗಲ 1.8 ಮೀಟರ್. ಬಚ್ಚಲು ಮತ್ತು ಪಾಯಿಖಾನೆ ಒಟ್ಟಿಗಿದ್ದರೆ 2.8 ಚದರ ಮೀಟರ್. ಅಡಿಯಲ್ಲಿ ಹೇಳುವುದಾದರೆ, ಹತ್ತು ಹನ್ನೊಂದಡಿಯ ಒಂದು ಕೋಣೆ, ಆರು ಒಂಬತ್ತರಷ್ಟು ಅಡುಗೆಮನೆ, ಐದು ಆರೂವರೆಯ ಬಚ್ಚಲು. ಒಳಗಿನ ಅಳತೆ ಇನ್ನೂರು ಚದರಡಿಗೂ ತುಸು ಕಡಿಮೆ. ಒಬ್ಬ ತಾಯಿಗೆ, ಒಂದು ಹೊಸ ಜೋಡಿಗೆ ಇಷ್ಟು ಸಾಕು. ಒಣ ಬಿಸಿಲಿನ ಸೀಮೆಗಳಲ್ಲಿ ಕಿಟಕಿಗಳ ತೆರಪು ನೆಲದ ಹತ್ತನೇ ಒಂದು ಭಾಗವಾದರೂ ಇರಬೇಕೆಂದೂ ಆ ಸಂಹಿತೆ ಹೇಳುತ್ತದೆ. ನೂರ ಹತ್ತು ಚದರಡಿಯ ಕೋಣೆಗೆ ಹನ್ನೊಂದು ಚದರಡಿ ಕಿಟಕಿ. ತಗಡಿನ ಶೆಡ್ಡಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದು ಗಂಟೆ ಕೂತವರಿಗೆ ಈ ಹನ್ನೊಂದು ಚದರಡಿ ಯಾಕೆಂದು ಕೇಳಬೇಕೆನಿಸುವುದಿಲ್ಲ. ಸಂಹಿತೆಯ ಅಳತೆ ದಾರಿ ತೋರಿಸುವಂಥದ್ದು. ಕೊನೆಗೆ ನಡೆಯುವುದು ನಿಮ್ಮೂರಿನ ಕಟ್ಟಡ ಉಪವಿಧಿ. ಎರಡನ್ನೂ ಎದುರಿಗಿಟ್ಟುಕೊಂಡೇ ನಕ್ಷೆ ಬರೆಸಬೇಕು.

ನಕ್ಷೆ ಬರೆಯುವವರು ಪಾಲಿಕೆಯಲ್ಲೋ ಪುರಸಭೆಯಲ್ಲೋ ನೋಂದಾಯಿಸಿಕೊಂಡ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿ ಆಗಿರಬೇಕು. ಈಗ ಅರ್ಜಿ ಹೋಗುವುದು ಆನ್‌ಲೈನಿನಲ್ಲಿ, ಕಂಪ್ಯೂಟರಿನಲ್ಲಿ ಬರೆದ ನಕ್ಷೆಯನ್ನು ಎಂಜಿನಿಯರೇ ಏರಿಸಬೇಕು, ಅಳತೆ ತಪ್ಪಿದ್ದರೆ ವ್ಯವಸ್ಥೆಯೇ ತಡೆಯುತ್ತದೆ. ಇದು ಒಳ್ಳೆಯದೇ. ಆದರೆ ಕಂಪ್ಯೂಟರ್ ತಡೆಯುವ ಎಷ್ಟೋ ಮೊದಲು ನಮ್ಮವರನ್ನು ತಡೆಯುವ ಇನ್ನೊಂದು ಗೋಡೆಯಿದೆ. ಇದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡಲೇಬೇಕು.

ಖಾತಾ ಯಾರ ಹೆಸರಲ್ಲಿದೆ? ನಮ್ಮ ಹಳೆಯ ಓಣಿಗಳಲ್ಲಿ ಹೋಗಿ ಕೇಳಿ ನೋಡಿ, ಅಜ್ಜನ ಹೆಸರಲ್ಲಿದೆ ಅನ್ನುತ್ತಾರೆ. ಅಜ್ಜ ತೀರಿಕೊಂಡು ಮೂವತ್ತು ವರ್ಷವಾಗಿರುತ್ತದೆ. ಅಪ್ಪನೂ ಇಲ್ಲ. ತೆರಿಗೆ ಮಾತ್ರ ಪ್ರತಿ ವರ್ಷ ಅಜ್ಜನ ಹೆಸರಿನಲ್ಲೇ ಕಟ್ಟುತ್ತಾ ಬಂದಿದ್ದಾರೆ. ಸತ್ತವರ ಹೆಸರಿನಲ್ಲಿ ಪರವಾನಿಗೆ ಬರುವುದಿಲ್ಲ. ಮರಣ ಪ್ರಮಾಣಪತ್ರ ಬೇಕು, ನಾಡಕಚೇರಿಯಿಂದ ವಂಶವೃಕ್ಷ ಬೇಕು, ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ಎಲ್ಲ ಎಂದರೆ ಎಲ್ಲ. ಗುಂತಕಲ್ಲಿಗೋ ಆದೋನಿಗೋ ಮದುವೆಯಾಗಿ ಹೋದ ಅತ್ತೆಯೂ ಸೇರಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಆ ತಿದ್ದುಪಡಿ ಬರುವ ಹೊತ್ತಿಗೆ ತಂದೆ ಬದುಕಿರಬೇಕಾಗಿತ್ತೆಂಬ ಷರತ್ತೂ ಇಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ‘ಅಕ್ಕನ ಸಹಿ ಯಾಕೆ, ಅವಳಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಯ್ತಲ್ಲ’ ಎಂದು ವಾದಿಸುವ ತಮ್ಮಂದಿರಿಗೆ ನಾನು ಹೇಳುವುದು ಇಷ್ಟೇ: ಅಕ್ಕನ ಮನೆಗೆ ಹೋಗಿ, ಕೂತು ಮಾತಾಡಿ, ಅವಳ ಪಾಲಿನ ಮಾತನ್ನು ಮುಚ್ಚುಮರೆಯಿಲ್ಲದೆ ಇತ್ಯರ್ಥ ಮಾಡಿಕೊಂಡು ಬನ್ನಿ. ಅವಳನ್ನು ಮರೆಮಾಚಿ ತಂದ ಕಾಗದ ಹತ್ತು ವರ್ಷದ ಮೇಲಾದರೂ ಕೋರ್ಟಿನ ಮೆಟ್ಟಿಲು ಹತ್ತಿಸುತ್ತದೆ. ಆಗ ಮುಂದಿನ ಮನೆಯೂ ಹಿಂದಿನ ಮನೆಯೂ ಒಟ್ಟಿಗೇ ತಕರಾರಿಗೆ ಸಿಕ್ಕಿಕೊಳ್ಳುತ್ತವೆ.

ಹೆಸರು ಬದಲಾದ ಮೇಲೆ ಇ-ಖಾತಾ. ಪಟ್ಟಣಗಳಲ್ಲಿ ಈಗ ಆಸ್ತಿ ನೋಂದಣಿಗೇ ಅದು ಕಡ್ಡಾಯ. ಅದರಲ್ಲಿ ನಿಮ್ಮ ಸೈಟಿನ ಅಳತೆ, ಚಕ್ಕುಬಂದಿ, ಫೋಟೊ ಎಲ್ಲ ಇರುತ್ತದೆ. ಇಲ್ಲಿ ಒಂದು ಕೆಲಸವನ್ನು ತಪ್ಪದೆ ಮಾಡಿ. ಟೇಪು ಹಿಡಿದು ನಾಲ್ಕೂ ಮಗ್ಗುಲು ನೀವೇ ಅಳೆಯಿರಿ, ಕ್ರಯಪತ್ರದ ಅಳತೆ, ಖಾತೆಯ ಅಳತೆ, ನೆಲದ ಅಳತೆ ಮೂರೂ ಒಂದೇ ಇದೆಯೇ ನೋಡಿ. ಹಳೆಯ ಪತ್ರಗಳಲ್ಲಿ ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಸಾರ್ವಜನಿಕ ಹಾದಿ ಎಂದಷ್ಟೇ ಇದ್ದು, ಅಡಿಗಳ ಲೆಕ್ಕವೇ ಇಲ್ಲದಿರುವುದೂ ಉಂಟು. ನಡುವೆ ಯಾರೋ ಗೋಡೆಯನ್ನು ಒಂದು ಮೊಳ ಈಚೆಗೆ ಸರಿಸಿರುತ್ತಾರೆ. ನಕ್ಷೆ ಸಲ್ಲಿಸಿದ ಮೇಲೆ ಇದು ತಿಳಿದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೊದಲೇ ತಿಳಿದರೆ ನೆರೆಯವರ ಜೊತೆ ಮಾತಾಡಿ ತಿದ್ದಿಕೊಳ್ಳಬಹುದು. ನೆರೆಯವರ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ. ಅವರ ಕಿಟಕಿಗೆ ಇಪ್ಪತ್ತು ವರ್ಷದಿಂದ ನಿಮ್ಮ ಹಿತ್ತಲ ಕಡೆಯಿಂದ ತಡೆಯಿಲ್ಲದೆ ಬೆಳಕು ಬರುತ್ತಿದ್ದರೆ, 1882ರ ಅನುಭೋಗ ಹಕ್ಕುಗಳ ಕಾಯ್ದೆಯಂತೆ ಆ ಬೆಳಕಿನ ಮೇಲೆ ಅವರಿಗೊಂದು ಹಕ್ಕು ಬಂದಿರಬಹುದು. ಗೋಡೆ ಎಬ್ಬಿಸುವ ಮುನ್ನ ಆ ಕಿಟಕಿಯ ಕಡೆ ಒಮ್ಮೆ ಕಣ್ಣೆತ್ತಿ ನೋಡಿ.

ಸಿರುಗುಪ್ಪದಂಥ ಊರುಗಳಲ್ಲಿ ಇನ್ನೊಂದು ತೊಡಕುಂಟು. ತುಂಗಭದ್ರಾ ಕಾಲುವೆಯ ನೀರು ಬಂದು ಭತ್ತ ಬೆಳೆದು, ರೈಸ್ ಮಿಲ್ಲುಗಳು ಎದ್ದು, ಊರು ಗದ್ದೆಗಳ ಕಡೆಗೆ ಬೆಳೆಯಿತು. ಹೊಲವನ್ನು ಭೂಪರಿವರ್ತನೆ ಮಾಡಿಸದೆ ತುಂಡು ಮಾಡಿ ಮಾರಿದ ಸೈಟುಗಳು ಎಲ್ಲ ಊರುಗಳ ಸುತ್ತಲೂ ಇವೆ. 1964ರ ಭೂಕಂದಾಯ ಕಾಯ್ದೆಯ 95ನೇ ಪ್ರಕರಣದಂತೆ ಪರಿವರ್ತನೆ ಆಗಿರದ, ಲೇಔಟಿಗೆ ಅನುಮೋದನೆ ಸಿಗದ ಜಾಗಕ್ಕೆ ಮುಂದಿನ ಮನೆಗೇ ಪರವಾನಿಗೆ ಸಿಗುವುದು ಕಷ್ಟ, ಹಿಂದಿನ ಮನೆಯ ಮಾತು ಆಮೇಲೆ. 2025ರಲ್ಲಿ ಸರ್ಕಾರ ಇಂಥ ಸ್ವತ್ತುಗಳಿಗೆ ಬಿ-ಖಾತಾ ಕೊಡುವ ಅಭಿಯಾನ ನಡೆಸಿತು. ಬಹಳ ಜನ ಅದನ್ನು ಹಿಡಿದುಕೊಂಡು ‘ಇನ್ನೇನು ಎಲ್ಲ ಸಕ್ರಮ ಆಯ್ತು’ ಎಂದುಕೊಂಡರು. ಬಿ-ಖಾತಾದಿಂದ ತೆರಿಗೆಯ ಲೆಕ್ಕಕ್ಕೆ ಸೇರುತ್ತೀರಿ, ಅದು ಒಳ್ಳೆಯದು. ಆದರೆ ಅನುಮೋದನೆಯಿಲ್ಲದ ಲೇಔಟು ಅದರಿಂದ ಅನುಮೋದಿತ ಆಗುವುದಿಲ್ಲ.

‘ಕಟ್ಟಿಬಿಡೋಣ, ಮುಂದೆ ಅಕ್ರಮ-ಸಕ್ರಮದಲ್ಲಿ ಸರಿಹೋಗುತ್ತೆ’ ಎನ್ನುವ ಸಲಹೆಯನ್ನು ದಯವಿಟ್ಟು ನಂಬಬೇಡಿ. ಆ ಯೋಜನೆಯ ಗತಿ ಏನಾಯಿತೆಂದು ನೆನಪಿಸುತ್ತೇನೆ. ನಿಯಮ ಮೀರಿ ಕಟ್ಟಿದ ವಾಸದ ಮನೆಗಳನ್ನು ಅರ್ಧದಷ್ಟು ಉಲ್ಲಂಘನೆಯವರೆಗೆ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ನಿಯಮಗಳು 2014ರಲ್ಲಿ ಬಂದವು. 2013ರ ಅಕ್ಟೋಬರ್ 19ಕ್ಕೆ ಮೊದಲು ಕಟ್ಟಿದವಕ್ಕೆ ಮಾತ್ರ. ಹೈಕೋರ್ಟು 2016ರ ಡಿಸೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ಮರು ತಿಂಗಳೇ, 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಆ ಭರವಸೆಯ ಮೇಲೆ ಗೋಡೆ ಎಬ್ಬಿಸಿದ ಸಂಸಾರಗಳು ಎಷ್ಟೋ.

ಅದಾದ ಮೇಲೆ 2024ರ ಡಿಸೆಂಬರ್ 17ರಂದು ಮೀರತ್ ನಗರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಅನ್ವಯಿಸುವ ಸೂಚನೆಗಳನ್ನು ಕೊಟ್ಟಿತು. ಮಂಜೂರಾದ ನಕ್ಷೆಯಂತೆಯೇ ಕಟ್ಟಿದ್ದಾರೆಂದು ಖಾತ್ರಿಯಾಗಿ ಪ್ರಮಾಣಪತ್ರ ಸಿಕ್ಕ ಮೇಲೆಯೇ ವಿದ್ಯುತ್ತು, ನೀರು, ಒಳಚರಂಡಿ ಸಂಪರ್ಕ. ಬ್ಯಾಂಕುಗಳು ಸಾಲ ಕೊಡುವಾಗಲೂ ಅದನ್ನೇ ನೋಡಬೇಕು. ಹಿತ್ತಲ ಮನೆಗೆ ಇದರ ಬಿಸಿ ನೇರವಾಗಿ ತಟ್ಟುತ್ತದೆ. ಮುಂದಿನ ಮನೆಯ ಮೀಟರಿನಿಂದಲೇ ಒಂದು ವೈರು ಎಳೆದುಕೊಂಡು ಹಿಂದಿನ ಮನೆ ನಡೆಸುವುದು ಇಲ್ಲಿನ ರೂಢಿ. ಒಂದು ಸಂಸಾರದ ಲೋಡಿಗೆ ಹಾಕಿದ ವೈರಿನಿಂದ ಎರಡು ಸಂಸಾರದ ಫ್ರಿಜ್ಜು, ಕೂಲರು, ಹೊಲಿಗೆ ಮಷಿನ್ ಎಲ್ಲ ನಡೆಯಬೇಕು. ಮೇ ತಿಂಗಳಲ್ಲಿ ಆ ವೈರಿನ ಮೇಲೆ ಕೈಯಿಟ್ಟು ನೋಡಿದರೆ ಅದರ ಅಪಾಯ ಗೊತ್ತಾಗುತ್ತದೆ. ಬೇರೆ ಆರ್‌ಆರ್ ನಂಬರು, ಬೇರೆ ಮೀಟರು ಬೇಕೆಂದರೆ ವಿದ್ಯುತ್ ಕಂಪನಿ ಜೆಸ್ಕಾಂ ಕೇಳುವುದು ಮತ್ತೆ ಅದೇ ಕಾಗದ. ಸಣ್ಣ ಸೈಟುಗಳಿಗೆ ಸರ್ಕಾರದ ವಿನಾಯಿತಿಗಳು ಬದಲಾಗುತ್ತಾ ಇರುತ್ತವೆ. ನಿಮ್ಮೂರಿಗೆ, ನಿಮ್ಮ ಅಳತೆಗೆ ಯಾವುದು ಅನ್ವಯಿಸುತ್ತದೆಂದು ನಕ್ಷೆ ಬರೆಸುವ ಮೊದಲೇ ಜೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ.

ವಿದ್ಯುತ್ತಿನದೇ ಇನ್ನೊಂದು ಮಾತು. ಓಣಿಯ ಹಿಂದಿನಿಂದ 11 ಕೆ.ವಿ. ಲೈನು ಹಾದುಹೋಗಿದ್ದರೆ ಕಟ್ಟಡದಿಂದ ಅಡ್ಡಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಇರಲೇಬೇಕು. ಈ ಅಳತೆಯಲ್ಲಿ ಯಾರಿಗೂ ರಿಯಾಯಿತಿಯಿಲ್ಲ, ಇರಲೂಬಾರದು. ಮನೆಯ ಮಾಳಿಗೆಗೆ ಬಟ್ಟೆ ಒಣಹಾಕಲು ಹತ್ತುವವರು ನಮ್ಮದೇ ಹೆಂಗಸರು, ಗಾಳಿಪಟ ಹಿಡಿದು ಹತ್ತುವವರು ನಮ್ಮದೇ ಮಕ್ಕಳು.

ನೆಲದ ವಿಷಯಕ್ಕೆ ಬರೋಣ. ನನ್ನ ಮಟ್ಟಿಗೆ ಪರವಾನಿಗೆಯ ನಿಜವಾದ ಬೆಲೆ ಗೊತ್ತಾಗುವುದು ಇಲ್ಲಿ. ಬಳ್ಳಾರಿ ಗುಡ್ಡದ ಸುತ್ತ ಅಗೆದರೆ ಬೇಗ ಬಂಡೆ ಸಿಗುತ್ತದೆ. ಕುರುಗೋಡಿನ ಗುಡ್ಡಗಳ ಮಗ್ಗುಲಲ್ಲೂ ಹಾಗೆಯೇ. ಸಿರುಗುಪ್ಪದ ಕಡೆ ಎರೆಮಣ್ಣು. ಎರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಅಂಗೈ ತೂರುವಷ್ಟು ಬಿರಿಯುತ್ತದೆ. ಹಿಂದಿನ ರೂಮು ತಾನೇ ಎಂದು ಎರಡಡಿ ಪಾಯ ತೋಡಿ ಇಟ್ಟಿಗೆ ಇಟ್ಟವರ ಮನೆಯನ್ನು ಮೊದಲ ಮಳೆಗಾಲ ಕಳೆದ ಮೇಲೆ ಹೋಗಿ ನೋಡಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೊರಟು ಚಾವಣಿಯವರೆಗೆ ಹೋಗಿರುತ್ತದೆ. ಸಿಮೆಂಟು ಮೆತ್ತಿ ಸುಣ್ಣ ಬಳಿದರೆ ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡುತ್ತದೆ. ಬಲ್ಲ ಎಂಜಿನಿಯರು ಮೊದಲು ಹಾರೆ ತರಿಸುತ್ತಾರೆ. ಹಿತ್ತಲ ಎರಡು ಮೂಲೆಯಲ್ಲಿ ಗುಂಡಿ ತೋಡಿಸಿ, ಕಪ್ಪು ಮಣ್ಣು ಎಲ್ಲಿಗೆ ಮುಗಿದು ಗಟ್ಟಿ ಮೊರಂ ಎಲ್ಲಿ ಶುರುವಾಗುತ್ತದೆಂದು ಹಾರೆಯ ಸದ್ದಿನಲ್ಲೇ ಹೇಳುತ್ತಾರೆ. ಎರೆ ಆಳವಿಲ್ಲದಿದ್ದರೆ ಮೊರಂವರೆಗೂ ಪಾಯ ಇಳಿಸಿ, ಸುತ್ತ ಮರಳು ತುಂಬಿ, ಪ್ಲಿಂತ್ ಮಟ್ಟದಲ್ಲಿ ಕಾಂಕ್ರೀಟಿನ ಪಟ್ಟಿ ಕಟ್ಟುತ್ತಾರೆ. ಆಳವಿದ್ದರೆ, ತುದಿಯಲ್ಲಿ ಗಡ್ಡೆಯಂತೆ ಅಗಲವಾಗುವ ಅಂಡರ್-ರೀಮ್ಡ್ ಪೈಲುಗಳಿವೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬೆಳೆಸಿದ ವಿಧಾನವದು. ಕದ್ದು ಕಟ್ಟುವವರು ಎಂಜಿನಿಯರನ್ನು ಕರೆಯುವುದಿಲ್ಲ. ಕರೆದರೆ ಸುದ್ದಿಯಾಗುತ್ತದೆಂಬ ಭಯ. ರಾತ್ರೋರಾತ್ರಿ, ರಜಾ ದಿನಗಳಲ್ಲಿ ಅವಸರವಾಗಿ ಗೋಡೆ ಏಳುತ್ತದೆ. ಆ ಅವಸರದ ಗೋಡೆಯ ಪಕ್ಕದಲ್ಲಿ ಹಾಸಿಗೆ ಹಾಸಿಕೊಂಡು ಮಲಗುವವರು ನಾನು ಆಗಲೇ ಹೇಳಿದ ತಾಯಿ, ಮಗಳು.

2009ರ ಅಕ್ಟೋಬರಿನ ನೆರೆಯನ್ನು ಸಿರುಗುಪ್ಪ ತಾಲೂಕಿನವರು ಮರೆತಿಲ್ಲ. ತುಂಗಭದ್ರೆಯೂ ಹಗರಿಯೂ ಏರಿ ಬಂದಾಗ ಮಣ್ಣಿನ ಗೋಡೆಗಳು, ಮಣ್ಣಿನ ಮಾಳಿಗೆಗಳು ನೆನೆದು ಕುಸಿದವು. ನದಿಯ ಹತ್ತಿರ, ಹಳ್ಳದ ದಂಡೆಯಲ್ಲಿ ಇರುವವರು ಹಿತ್ತಲ ಮನೆಯ ನೆಲವನ್ನು ಮುಂದಿನ ಮನೆಗಿಂತ ತಗ್ಗಿಸಬೇಡಿ. ಸಾಮಾನ್ಯವಾಗಿ ಆಗುವುದು ಅದೇ. ಮುಂದಿನ ಮನೆಗೆ ಮೂರು ಮೆಟ್ಟಿಲು, ಹಿಂದಿನದಕ್ಕೆ ಒಂದೂ ಇಲ್ಲ. ಇಡೀ ಸೈಟಿನ ಮಳೆನೀರು ಹರಿದು ಬಂದು ಹಿಂದೆ ನಿಲ್ಲುತ್ತದೆ. ತಾಯಿಗೆ ಮೆಟ್ಟಿಲು ಕಷ್ಟವೆಂದರೆ ನೆಲ ಎತ್ತರಿಸಿ ಇಳಿಜಾರು ಹಾದಿ ಮಾಡಿ.

ಕುರುಗೋಡಿನವರಿಗೆ ಬೇರೆಯಾಗಿ ಒಂದು ಮಾತು. ಸಿಂದ ಅರಸರ ಕಾಲದ ಊರು ನಿಮ್ಮದು. ದೊಡ್ಡ ಬಸವೇಶ್ವರನ ಏಕಶಿಲೆಯ ನಂದಿಯಿಂದ ಹಿಡಿದು ಹಳೆಯ ಗುಡಿಗಳು, ಕೋಟೆಯ ಕಲ್ಲುಗಳು ಮನೆಗಳ ನಡುವೆಯೇ ಇವೆ. ಕೇಂದ್ರ ಸಂರಕ್ಷಿತ ಸ್ಮಾರಕವೆಂದು ಘೋಷಣೆಯಾದ ಯಾವುದೇ ಜಾಗದ ಸುತ್ತ 100 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ, ಅಲ್ಲಿ ಪುರಾತತ್ವದವರ ಒಪ್ಪಿಗೆ ಬೇಕು. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಿಂದ ಇದು ಬಿಗಿಯಾಗಿದೆ. ಬಳ್ಳಾರಿಯಲ್ಲಿ ಕೋಟೆಗುಡ್ಡದ ಬುಡದವರಿಗೂ, ಸಂಗನಕಲ್ಲಿನ ಶಿಲಾಯುಗದ ಗುಡ್ಡಗಳ ಹತ್ತಿರದವರಿಗೂ ನಾನು ಹೇಳುವುದು, ನಿಮ್ಮ ಜಾಗ ಯಾವ ವಲಯದಲ್ಲಿದೆ ಎಂದು ಕೇಳಿಯೇ ಗುದ್ದಲಿ ಎತ್ತಿ. ಹಿತ್ತಲ ಮರ ಕಡಿಯುವ ಮೊದಲೂ ಹಾಗೆಯೇ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗಿನಂಥ ಕೆಲವಕ್ಕೆ ವಿನಾಯಿತಿಯಿದೆ, ಎಲ್ಲಕ್ಕೂ ಇಲ್ಲ. ಆದಷ್ಟು ಮರ ಉಳಿಸಿ ನಕ್ಷೆ ಬರೆಸಿ. ಬಳ್ಳಾರಿಯ ಬಿಸಿಲಿಗೆ ಬೇವಿನ ನೆರಳು ಬೀಳುವ ಗೋಡೆಯೂ ಬೋಳು ಗೋಡೆಯೂ ಒಂದೇ ಅಲ್ಲ.

ಖರ್ಚಿನ ಬಾಬತ್ತನ್ನು ಬೇಗ ಮುಗಿಸುತ್ತೇನೆ. ಪರವಾನಿಗೆ ಶುಲ್ಕ ವಿಸ್ತೀರ್ಣದ ಮೇಲೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ನಿರ್ಮಾಣ ವೆಚ್ಚದ ಶೇ. 1ರಷ್ಟು ಸೆಸ್ ಇದೆ. ಸ್ವಂತ ವಾಸದ ಮನೆಗೆ ತಗಲುವ ಖರ್ಚು ಒಂದು ಮಿತಿಯನ್ನು ಮೀರದಿದ್ದರೆ ಕಾನೂನೇ ಅದನ್ನು ಹೊರಗಿಟ್ಟಿದೆ. ಸಣ್ಣ ಹಿತ್ತಲ ಮನೆ ಕಟ್ಟುವವರು ಇದನ್ನು ಬಾಯಿಬಿಟ್ಟು ಕೇಳಬೇಕು. ಅರ್ಜಿ ಹಾಕಿದ ದಿನ ‘ಸಕಾಲ’ ಸೇವಾ ಯೋಜನೆಯ 15 ಅಂಕಿಯ ಸಂಖ್ಯೆಯನ್ನು ಕೇಳಿ ಪಡೆಯಿರಿ. ಅದು ಕೈಯಲ್ಲಿದ್ದರೆ ಕಡತ ಯಾವ ಮೇಜಿನ ಮೇಲಿದೆ ಎಂದು ಕೇಳುವ ಹಕ್ಕು ನಿಮ್ಮದು, ತಡವಾದರೆ ಮೇಲ್ಮನವಿಯ ದಾರಿಯೂ ನಿಮ್ಮದು. ‘ನನ್ನ ಕೈಗೆ ಇಷ್ಟು ಕೊಡಿ, ಎಲ್ಲ ಮಾಡಿಸಿಕೊಡ್ತೀನಿ’ ಎನ್ನುವ ಮಧ್ಯವರ್ತಿಗೆ ಆ ಸಂಖ್ಯೆ ಗೊತ್ತಿರುವುದಿಲ್ಲ. ಮನೆ ಮುಗಿದ ಮೇಲೆ ಆಸ್ತಿ ತೆರಿಗೆಯಲ್ಲಿ ಹೊಸ ವಿಸ್ತೀರ್ಣವನ್ನು ಸೇರಿಸಿ ಘೋಷಿಸಿಕೊಳ್ಳಿ. ನಾಳೆ ಆ ಮನೆಗೆ ನೀರಿನ ನಲ್ಲಿ ಕೇಳುವಾಗ, ಮಗಳ ಹೆಸರಿಗೆ ಬರೆದುಕೊಡುವಾಗ ಅದೇ ಆಧಾರ.

ಇಷ್ಟೆಲ್ಲ ಹೇಳಿದ ಮೇಲೆ ಜನರಿಗಷ್ಟೇ ಉಪದೇಶ ಮಾಡಿ ಎದ್ದು ಹೋಗುವುದು ನ್ಯಾಯವಲ್ಲ. ಇನ್ನೂರು ಚದರಡಿ ಮನೆಗೂ ದೊಡ್ಡ ಕಟ್ಟಡಕ್ಕೂ ಹೆಚ್ಚುಕಡಿಮೆ ಒಂದೇ ಬಾಗಿಲು ಇಟ್ಟಿದ್ದೇವಲ್ಲ, ಅದು ಸರಿಯೇ? ಬೇರೆ ಕಡೆ ಇದಕ್ಕೆ ದಾರಿ ಹುಡುಕಿದ್ದಾರೆ. ನಮ್ಮ ಎಷ್ಟೋ ಕನ್ನಡದ ಸಂಸಾರಗಳು ನೆಲೆಸಿರುವ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಿತ್ತಲ ಮನೆಗೆ ಬೇರೆಯೇ ಕಾನೂನಿದೆ. ನಿಯಮಕ್ಕೆ ಹೊಂದುವ ಪೂರ್ಣ ಅರ್ಜಿಯನ್ನು 60 ದಿನದಲ್ಲಿ ನಗರಾಡಳಿತ ತೀರ್ಮಾನಿಸಬೇಕು. 2020ರಿಂದ, ತೀರ್ಮಾನಿಸದಿದ್ದರೆ ಒಪ್ಪಿದಂತೆಯೇ ಲೆಕ್ಕ. ಮೊದಲೇ ಪರಿಶೀಲಿಸಿ ಒಪ್ಪಿದ ಮಾದರಿ ನಕ್ಷೆಗಳ ಪದ್ಧತಿಯನ್ನು 2025ರಿಂದ ಅಲ್ಲಿನ ಊರುಗಳೆಲ್ಲ ಇಡಬೇಕಾಗಿದೆ. ಅಷ್ಟು ದೂರ ಹೋಗುವುದೂ ಬೇಡ. ಕೇರಳದಲ್ಲಿ 300 ಚದರ ಮೀಟರಿನೊಳಗಿನ ಮನೆಗಳಿಗೆ ಸ್ವಯಂ ದೃಢೀಕರಣದ ಪರವಾನಿಗೆಯಿದೆ, 2024ರ ಜನವರಿ 1ರಿಂದ ಪಟ್ಟಣಗಳಲ್ಲಿ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯೂ ಬಂತು. ಕಾಸರಗೋಡಿನ ಕನ್ನಡಿಗನಿಗೆ ಈ ಅನುಕೂಲ ಸಿಕ್ಕಿದೆ. ಬೆಂಗಳೂರಿನಲ್ಲೇ 2024ರ ಮಾರ್ಚಿನಲ್ಲಿ ‘ನಂಬಿಕೆ ನಕ್ಷೆ’ ಶುರುವಾಯಿತು. 50 ಅಡಿ 80 ಅಡಿವರೆಗಿನ ಸೈಟುಗಳ ವಾಸದ ಮನೆಗಳಿಗೆ ಎಂಜಿನಿಯರು ಕೊಟ್ಟ ನಕ್ಷೆಯನ್ನು ನಂಬಿ ತಾತ್ಕಾಲಿಕ ಅನುಮತಿ ಕೊಟ್ಟು, ಆಮೇಲೆ ಪರಿಶೀಲಿಸುವ ಕ್ರಮ.

ಬಳ್ಳಾರಿಗೆ, ಸಿರುಗುಪ್ಪಕ್ಕೆ, ಕುರುಗೋಡಿಗೆ ನಾನು ಕೇಳುವುದು ಇನ್ನೂ ಸಣ್ಣದು. ಹಿತ್ತಲ ಮನೆಗೆಂದೇ ನಾಲ್ಕೈದು ಮಾದರಿ ನಕ್ಷೆಗಳನ್ನು ಪಾಲಿಕೆ, ನಗರಸಭೆ, ಪುರಸಭೆಗಳು ಬರೆಸಿ ಒಪ್ಪಿಗೆ ಕೊಟ್ಟಿಡಲಿ. ಎರೆಮಣ್ಣಿಗೆ ಒಂದು ಪಾಯ, ಕಲ್ಲು ನೆಲಕ್ಕೆ ಒಂದು ಪಾಯ. ಒಂದು ಕೋಣೆಯದೊಂದು, ಎರಡು ಕೋಣೆಯದೊಂದು. ಮುದುಕರು ಇರುವ ಮನೆಗೆ ಹೊಸ್ತಿಲಿಲ್ಲದ ಬಾಗಿಲು, ಬಚ್ಚಲಲ್ಲಿ ಹಿಡಿಕೆ ಇರುವುದೊಂದು. ಎಷ್ಟು ಅಗಲದ ಸೈಟಿಗೆ ಯಾವುದು ಕೂರುತ್ತದೆ, ಎಷ್ಟು ಜಾಗ ಬಿಡಬೇಕು, ಶುಲ್ಕ ಎಷ್ಟು, ಯಾವ ಯಾವ ಕಾಗದ ಬೇಕು ಎಂಬುದನ್ನು ಅಚ್ಚಗನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಕಚೇರಿಯ ಹೊರಗೋಡೆಗೆ ಹಾಕಲಿ. ತೆಲುಗು, ಉರ್ದು ಓದುವವರು ಇರುವ ವಾರ್ಡುಗಳಲ್ಲಿ ಆ ಭಾಷೆಗಳಲ್ಲೂ ಹಾಕಲಿ. ಪಾಲಿಕೆಯ 39 ವಾರ್ಡುಗಳ ಸದಸ್ಯರಲ್ಲಿ ಒಬ್ಬರು ಇದನ್ನು ಸಭೆಯಲ್ಲಿ ಎತ್ತಿದರೂ ಕೆಲಸ ಶುರುವಾಗುತ್ತದೆ. ನಿಮ್ಮ ವಾರ್ಡಿನ ಸದಸ್ಯರು ಮುಂದಿನ ಸಲ ಓಣಿಗೆ ಬಂದಾಗ ರಸ್ತೆ, ಚರಂಡಿ, ಬೀದಿದೀಪದ ಜೊತೆಗೆ ಇದನ್ನೂ ಕೇಳಿ. ಅವರು ಬರುವುದರೊಳಗೆ ಅಜ್ಜನ ಮರಣ ಪ್ರಮಾಣಪತ್ರವನ್ನು ಹುಡುಕಿಡಿ, ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ, ಅಕ್ಕನಿಗೊಂದು ಫೋನು ಮಾಡಿ.